ಗೀಸ್‌ಬ್ರೆಕ್ಟ್ ಅಜ್ಜನ ಊಟದ ಪ್ರಾರ್ಥನೆ

ಎಂಬತ್ತೆಂಟರ ಅಬ್ರಾಮ್ ಗೀಸ್‌ಬ್ರೆಕ್ಟ್ ಅಜ್ಜ ಕೆನಡಾದ ಮ್ಯಾನಿಟೋಬಾ ಬಯಲಿನಲ್ಲಿ ಗೋಧಿ ಬೆಳೆದು ಹನ್ನೊಂದು ಮಕ್ಕಳನ್ನು ದಡ ಸೇರಿಸಿದವನು. ಬಾಯಿಯ ಒಂದು ಕಡೆಯಿಂದ ಸೂರ್ಯಕಾಂತಿ ಬೀಜ ಹಾಕಿಕೊಂಡು, ಇನ್ನೊಂದು ಕಡೆಯಿಂದ ಸಿಪ್ಪೆ ಉಗುಳುತ್ತ, ನಡುವೆ ಅಳಿಯಂದಿರ ಸೊಟ್ಟ ಉಳುಮೆಯನ್ನು ಆಡಿಕೊಳ್ಳಬಲ್ಲ. ಅಂಥ ಬಾಯಿ ಊಟಕ್ಕೆ ಮುಂಚಿನ ಮೌನ ಪ್ರಾರ್ಥನೆಗೆ ಮುಚ್ಚಿತೆಂದರೆ ಎಲೆಕೋಸಿನ ಸೂಪು ತಣ್ಣಗಾಗಲೇಬೇಕು. ಪ್ರಾರ್ಥನೆ ಮುಗಿಯಿತೆಂದು ಅಜ್ಜ ಕೆಮ್ಮುವವರೆಗೆ ಯಾರೂ ಚಮಚ ಮುಟ್ಟುವಂತಿಲ್ಲ. “ಅಪ್ಪ ನಿದ್ದೆ ಹೋದ್ರೇನಮ್ಮಾ?” ಎಂದು ನರೆತ ತಲೆಯ ಹಿರಿಮಗ ಪಿಸುಗುಟ್ಟುತ್ತಾನೆ. ಮೇಜಿನ ಕೆಳಗೆ ಅಜ್ಜ ಒಂದೊಂದು ಮಗುವಿನ ಹೆಸರಿಗೆ ಒಂದೊಂದು ಬೆರಳು ಮಡಿಚುವುದು ಪಕ್ಕದಲ್ಲಿ ಕೂತ ಹೆಂಡತಿ ಆಗನೇಟಾ ಅಜ್ಜಿಗಷ್ಟೇ ಕಾಣುತ್ತದೆ. ಹನ್ನೊಂದು ಹೆಸರು ಮುಗಿದರೂ ಅವನು ಕೆಮ್ಮುವುದಿಲ್ಲ. ಇವರೆಲ್ಲರಿಗಿಂತ ಮೊದಲು ಹುಟ್ಟಿ, ಮೂರೇ ದಿನ ಉಸಿರಾಡಿದ ಚೊಚ್ಚಲ ಹೆಣ್ಣುಕೂಸೊಂದು ಇನ್ನೂ ಉಳಿದಿರುತ್ತದೆ. “ತಾಳ್ರೋ,” ಎನ್ನುತ್ತಾಳೆ ಅಜ್ಜಿ, “ನಿಮ್ಮಕ್ಕ ಇನ್ನೂ ಊಟಕ್ಕೆ ಬಂದಿಲ್ಲ.”