ಅರ್ಥ ಗೊತ್ತಿಲ್ಲದೆ ಓದಿದ ಹಾಳೆ

ನಿನ್ನೆ ಸಂಜೆ ಸೌದಿಯ ದಮ್ಮಾಮಿನ ನಮ್ಮ ಬಾಡಿಗೆ ಮನೆಯಲ್ಲಿ ಮಗಳು ಅರಬ್ಬಿ ಪಾಠವನ್ನು ಗಡಗಡನೆ ಓದಿದಳು. ಹೆಂಗಸರಿಗೂ ಕಾರು ಓಡಿಸಲು ಈಚೆಗಷ್ಟೇ ಅನುಮತಿ ಸಿಕ್ಕಿದ್ದರಿಂದ ಡ್ರೈವಿಂಗ್ ಪುಸ್ತಕ ಹಿಡಿದು ಕೂತಿದ್ದ ಹೆಂಡತಿ ಹೆಮ್ಮೆಯಿಂದ ನನ್ನತ್ತ ನೋಡಿದಳು. ನಾನು ಚಹಾದ ಲೋಟ ಕೆಳಗಿಟ್ಟೆ. ನಾನೂ ಹಾಗೆಯೇ ಓದುತ್ತಿದ್ದೆ ನೋಡಿ.

ನಾವು ಕರಾವಳಿಯ ಬ್ಯಾರಿ ಮಕ್ಕಳು ಮದ್ರಸದಲ್ಲಿ ಅರಬ್ಬಿ ಓದಲು ಕಲಿಯುತ್ತೇವೆ, ರಾಗವಾಗಿ, ತಪ್ಪಿಲ್ಲದೆ. ಅರ್ಥ ಬೇರೆ ಮಾತು. ದಮ್ಮಾಮಿಗೆ ಬರುವ ಮೊದಲು ಸೌದಿಯದೇ ಬೆಟ್ಟಸೀಮೆಯ ಖಮೀಸ್ ಮುಶೈತಿನಲ್ಲಿ ವಾಹನಗಳ ಬಿಡಿಭಾಗದ ಅಂಗಡಿಯಲ್ಲಿದ್ದಾಗ ನನಗೆ ಬರುತ್ತಿದ್ದ ಅರಬ್ಬಿ ಎಂದರೆ ಬ್ರೇಕು, ಕ್ಲಚ್ಚು ಮತ್ತು ಚೌಕಾಸಿ. ಆದರೆ ಬೋರ್ಡು, ಬಿಲ್ಲು ಓದಿ ಓದಿ ಯಾವ ಬರಹವನ್ನೂ ತಡವರಿಸದೆ ಓದಿಬಿಡುತ್ತಿದ್ದೆ. ಅಲ್ಲಿದ್ದ ನಮ್ಮ ಊರ ಕಡೆಯವರೆಲ್ಲ ನನ್ನನ್ನು "ಅರಬ್ಬಿ ಗೊತ್ತಿರುವವ" ಎನ್ನುತ್ತಿದ್ದರು. ಹೊಗಳಿಕೆ ಯಾರಿಗೆ ಬೇಡ ಹೇಳಿ?

ಅದನ್ನು ನಂಬಿ ಬಂದವರು ರಾಘವಣ್ಣ. ಉಡುಪಿ ಕಡೆಯವರು, ನೀರಿನ ಟ್ಯಾಂಕರ್ ಚಾಲಕ. ಎರಡು ಗಂಟೆ ದೂರದ ಘಾಟಿಯ ತಿರುವಿನಲ್ಲಿ, ತಪ್ಪು ಬದಿಯಿಂದ ಬಂದ ಪಿಕಪ್ ಒಂದು ಅವರ ಟ್ಯಾಂಕರಿಗೆ ಗುದ್ದಿತ್ತು. ಪಿಕಪ್ಪಿನವನ ಕಾಲು ಮುರಿದಿತ್ತು. ಅಲ್ಲಿನ ನ್ಯಾಯಾಲಯದಲ್ಲಿ ವಿಚಾರಣೆ.

"ನೀನೊಬ್ಬ ಜೊತೆಗಿದ್ರೆ ಸಾಕು ಮಾರಾಯ, ನನಗೆ ಧೈರ್ಯ" ಎಂದರು.

ನ್ಯಾಯಾಲಯವಿದ್ದ ಆ ಊರನ್ನು ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಬೆಟ್ಟದ ಮೈಗೆ ಮೆಟ್ಟಿಲು ಗದ್ದೆಗಳು, ರಸ್ತೆ ಬದಿಯಲ್ಲಿ ರೊಟ್ಟಿಗಾಗಿ ಕಾಯುವ ಮಂಗಗಳು, ಒಂದು ಪೆಟ್ರೋಲ್ ಬಂಕು. ಒಂದೇ ಚೌಕದ ಸುತ್ತ ಆಡಳಿತಾಧಿಕಾರಿಯ ಕಚೇರಿ, ಠಾಣೆ, ನ್ಯಾಯಾಲಯ, ಜೈಲು. ಒಂದರ ಬಾಗಿಲಿನಿಂದ ಇನ್ನೊಂದಕ್ಕೆ ನೂರು ಹೆಜ್ಜೆಯೂ ಇಲ್ಲ. "ಎಲ್ಲ ಹತ್ತಿರವೇ ಉಂಟು, ಒಳ್ಳೇದಾಯ್ತು" ಎಂದು ರಾಘವಣ್ಣ ನಕ್ಕರು.

ನ್ಯಾಯಾಲಯದ ಗುಮಾಸ್ತ ರಾಘವಣ್ಣನ ಹೇಳಿಕೆ ಬರೆದಿದ್ದ ಹಾಳೆಯನ್ನು ಮುಂದಿಟ್ಟು, ಓದಲು ಬರುತ್ತದೆಯೇ ಎಂದು ಸನ್ನೆಯಲ್ಲಿ ಕೇಳಿದ. ನಾನು ಉಸ್ತಾದರಿಗೆ ಪಾಠ ಒಪ್ಪಿಸುವ ಹಾಗೆ ನೆಟ್ಟಗೆ ನಿಂತು ಗಟ್ಟಿಯಾಗಿ ಓದಿದೆ. ಪಕ್ಕದಲ್ಲಿದ್ದ ಮುದುಕನೊಬ್ಬ "ಮಾಷಾಅಲ್ಲಾಹ್" ಎಂದ. ಆ ಒಂದು ಮಾತಿಗೆ ಉಬ್ಬಿಹೋದೆ.

"ಎಂತ ಬರ್ದಿದ್ದಾರೆ?" ರಾಘವಣ್ಣ ಪಿಸುಗುಟ್ಟಿದರು.

"ನೀವು ಹೇಳಿದ್ದೇ. ಹೆಬ್ಬೆಟ್ಟು ಒತ್ತಿ."

ಅವರು ಒತ್ತಿದರು. ಸಾಕ್ಷಿಯಾಗಿ ನಾನೂ ಒತ್ತಿದೆ. ತಪ್ಪು ಬದಿಯಿಂದ ಬಂದದ್ದು ತನ್ನ ಟ್ಯಾಂಕರೇ ಎಂದು ರಾಘವಣ್ಣ ಒಪ್ಪಿಕೊಂಡಿರುವುದಾಗಿ ಅದರಲ್ಲಿ ಬರೆದಿತ್ತು. ಇದು ನನಗೆ ಗೊತ್ತಾದದ್ದು ತೀರ್ಪಾದ ಮೇಲೆ, ಕಚೇರಿಯಲ್ಲಿ ಚಹಾ ಕೊಡುತ್ತಿದ್ದ, ಅರಬ್ಬಿ ತಿಳಿದ ಪಾಕಿಸ್ತಾನಿಯೊಬ್ಬ ಉರ್ದುವಿನಲ್ಲಿ ಹೇಳಿದಾಗ. ಬೆಳಗಿನಿಂದಲೂ ಆತ ನಮ್ಮ ಪಕ್ಕದಲ್ಲೇ ಓಡಾಡುತ್ತಿದ್ದ. ಅರ್ಥವೇನೆಂದು ಆತನನ್ನು ಒಂದು ಮಾತು ಕೇಳಬಹುದಿತ್ತು. ಆದರೆ ಅರಬ್ಬಿ ಗೊತ್ತಿರುವವ ಇನ್ನೊಬ್ಬನನ್ನು ಕೇಳುವುದುಂಟೇ?

ಆರು ತಿಂಗಳು ಜೈಲು, ಆಮೇಲೆ ಗಡೀಪಾರು. ಆ ನೂರು ಹೆಜ್ಜೆ ನಡೆಯುವ ಮೊದಲು ರಾಘವಣ್ಣ ನನ್ನ ಭುಜ ತಟ್ಟಿ, "ನಿನ್ನ ಕೈಲಾದ್ದು ನೀನು ಮಾಡಿದ್ದಿ ಮಾರಾಯ" ಎಂದರು. ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ಏಳು ವರ್ಷಗಳಿಂದ ಪ್ರತಿ ಹಬ್ಬಕ್ಕೂ ಊರಿನಿಂದ ಅವರ ಸಂದೇಶ ಬರುತ್ತದೆ. ಪ್ರತಿ ಸಲವೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

"ಓದಿದ್ದರ ಅರ್ಥ ಎಂತ ಮಗಳೇ?" ನಿನ್ನೆ ಕೇಳಿದೆ.

"ಗೊತ್ತಿಲ್ಲ ಉಪ್ಪಾ" ಎಂದಳು, ಎಷ್ಟು ಸಲೀಸಾಗಿ! "ನಿಮಗೆ ಗೊತ್ತುಂಟಾ?"

"ಇಲ್ಲ" ಎಂದೆ. ಹೆಂಡತಿ ಪುಸ್ತಕದಿಂದ ತಲೆಯೆತ್ತಿದಳು. ನಾನು ಎದ್ದು ಹೋಗಿ ರಾಘವಣ್ಣನಿಗೆ ಫೋನ್ ಮಾಡಿದೆ.

"ಎಂತ ಮಾರಾಯ, ಹಬ್ಬ ಇಲ್ಲದೆ ಫೋನು?"

"ಅಣ್ಣಾ, ಆ ಹಾಳೆಯಲ್ಲಿ ಬರ್ದದ್ದು ನನಗೆ ಒಂದಕ್ಷರ ಅರ್ಥ ಆಗಿರ್ಲಿಲ್ಲ. ತಪ್ಪು ನಿಮ್ಮದೇ ಅಂತ ನೀವು ಒಪ್ಪಿಕೊಂಡ ಹಾಗೆ ಅದ್ರಲ್ಲಿ ಇತ್ತು."



"ಅಲ್ಲಿಯೇ ಹೇಳ್ಬಹುದಿತ್ತಲ್ಲ" ಎಂದು ಫೋನಿಟ್ಟರು. ಮಾರಾಯ ಎನ್ನಲಿಲ್ಲ.