ಮಾವನವರ ಕಾರಿನ ಕೆಂಪು ದೀಪ

ಕಾರುಗಳನ್ನು ನಾನು ಹಿಂದಿನಿಂದ ಬಲ್ಲೆ. ಮುಂದಿನಿಂದ ಬಲ್ಲವರು ಬಹಳ ಜನ ಇದ್ದಾರೆ; ಅವರು ಗೇರು, ಮೈಲೇಜು ಎಂದು ಮಾತಾಡುತ್ತಾರೆ. ನನ್ನ ಪರಿಚಯವೆಲ್ಲ ಡಿಕ್ಕಿಯ ಕಡೆಯದು. ಅಂಗೈ ಎಲ್ಲಿ ಊರಿದರೆ ಜಾರುವುದಿಲ್ಲ, ಯಾವ ಕ್ಷಣಕ್ಕೆ ಉಸಿರು ಬಿಗಿಹಿಡಿಯಬೇಕು, ಎಂಜಿನ್ ಶುರುವಾಗಿ ಹೊಗೆ ಉಗುಳುವಾಗ ಮುಖವನ್ನು ಯಾವ ಕಡೆ ತಿರುಗಿಸಬೇಕು, ಇದನ್ನೆಲ್ಲ ಕೇಳಿದರೆ ವಿವರವಾಗಿ ಹೇಳಬಲ್ಲೆ. ಇದುವರೆಗೆ ಯಾರೂ ಕೇಳಿಲ್ಲ.

ಈ ವಿದ್ಯೆ ನನಗೆ ಬಂದದ್ದು ಮದುವೆಯ ಬಳುವಳಿಯಾಗಿ. ಆಗ ನಾನು ಹಾವೇರಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಮಾವನವರದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ಊರಿಗೆ ಎಸ್.ಟಿ.ಡಿ. ಬೂತು ಬಂದ ಹೊಸತರಲ್ಲಿ ಅವರು ಒಂದು ಹಳೆಯ ಬಿಳಿ ಕಾರು ಕೊಂಡರು. ಹರೆಯದಲ್ಲಿ ಅವರು ಮೆಣಸಿನಕಾಯಿ ಲಾರಿಗಳ ಮೇಲೆ, ಚೀಲಗಳ ಮೇಲೆ ಕುಳಿತು, ಸೀನುತ್ತ ಸೀನುತ್ತ ಊರೂರು ತಿರುಗಿದವರು. ಒಂದು ದಿನ ಸ್ವಂತ ಗಾಡಿಯ ಮುಂದಿನ ಸೀಟಿನಲ್ಲಿ ಕೂರಬೇಕು ಎಂಬುದು ಆಗಿನಿಂದ ಅವರ ಆಸೆ. ಬೇರೆ ಯಾವ ಶೋಕಿಯೂ ಅವರಿಗಿರಲಿಲ್ಲ. ಎಲೆ ಅಡಿಕೆ ಕೂಡ ಹಬ್ಬಕ್ಕೆ ಮಾತ್ರ.

ನಮ್ಮ ಕಡೆ ಹೊಸ ಅಳಿಯನಿಗೆ ಮಾಡುವ ಉಪಚಾರ ನಿಮಗೆ ಗೊತ್ತಿದ್ದದ್ದೇ. ಕಾಲಿಗೆ ನೀರು ಕೊಡುತ್ತಾರೆ, ಜಮಖಾನ ಹಾಸುತ್ತಾರೆ, ಹೋಳಿಗೆ ಮುಳುಗುವಷ್ಟು ತುಪ್ಪ ಬಡಿಸಿ 'ಸಾಕು' ಎಂದರೆ ಕೇಳಿಸದವರಂತೆ ನಟಿಸುತ್ತಾರೆ. ನನಗೂ ಇವೆಲ್ಲ ಆದವು. ಆಮೇಲೆ ಮಾವನವರು ಅಂಗಳಕ್ಕೆ ಇಳಿದು, ಬಹಳ ಸಂಕೋಚದಿಂದ, "ಅಳಿಯಂದ್ರ, ಒಂದೀಟು ಕೈ ಹಚ್ಚತೀರೇನು?" ಎನ್ನುವರು. ಹೊಟ್ಟೆಯಲ್ಲಿ ಹೋಳಿಗೆ, ನೆತ್ತಿಯ ಮೇಲೆ ಬಿಸಿಲು, ಎದುರಿಗೆ ಡಿಕ್ಕಿ. ಕಾರು ಶುರುವಾದ ಮೇಲೆ ಅವರು ನಿಲ್ಲಿಸುತ್ತಿರಲಿಲ್ಲ. ನಿಲ್ಲಿಸಿದರೆ ಮತ್ತೆ ಎದ್ದೀತೆಂಬ ಭರವಸೆ ಇರಲಿಲ್ಲ. ಹೀಗಾಗಿ ನಾನು ಓಡಿ ಹೋಗಿ, ತೆರೆದ ಬಾಗಿಲಿಗೆ ಜೋತು ಬಿದ್ದು ಒಳಗೆ ಸೇರಿಕೊಳ್ಳಬೇಕಾಗಿತ್ತು. ಬೀಗರ ಮನೆಗೆ ಹೋದರೆ ಅವರ ಬಾಗಿಲಲ್ಲಿ ಎಂಜಿನ್ ಗುರುಗುಡುತ್ತಿರುವಾಗಲೇ ಕ್ಷೇಮ ಸಮಾಚಾರ ಮುಗಿಯುತ್ತಿತ್ತು. ಅವರು ಒಳಗೆ ಕರೆದರೆ ಮಾವನವರು ಎಂಜಿನ್ನಿನ ಕಡೆ ನೋಡಿ ಕೈ ಮುಗಿಯುವರು.

ಶಾಲೆಯಲ್ಲಿ ಕಾವ್ಯ ಪಾಠ ಮಾಡುವಾಗ ನನಗೆ ಒಂದು ಸಂಶಯ ಬರುತ್ತಿತ್ತು. ರಾಜರು ರಥ ಏರುತ್ತಾರೆ. ಕವಿಗಳು ಕುದುರೆಯನ್ನು ವರ್ಣಿಸುತ್ತಾರೆ, ಧ್ವಜವನ್ನು ವರ್ಣಿಸುತ್ತಾರೆ, ಎದ್ದ ಧೂಳನ್ನಂತೂ ಬಿಡುವುದೇ ಇಲ್ಲ. ಹಿಂದೆ ನಿಂತು ರಥ ದೂಡಿದ ಅಳಿಯನ ವಿಷಯ ಯಾರೂ ಒಂದು ಸಾಲು ಬರೆದಿಲ್ಲ. ಆ ಧೂಳು ಹೋಗಿ ಬಿದ್ದದ್ದು ಯಾರ ಮೇಲೆ ಎಂದಾದರೂ ಯೋಚಿಸಬೇಡವೆ?

ಕಾರಿನ ಕಾಯಿಲೆ ಏನೆಂದು ಎಲ್ಲರಿಗೂ ಗೊತ್ತಿತ್ತು: ಬ್ಯಾಟರಿ ಚಾರ್ಜ್ ಆಗುತ್ತಿರಲಿಲ್ಲ. ಬ್ಯಾಟರಿ ಎಂಜಿನ್ನನ್ನು ಎಬ್ಬಿಸಬೇಕು, ಎದ್ದ ಎಂಜಿನ್ ಬೆಲ್ಟ್ ಎಳೆದು ಆಲ್ಟರ್ನೇಟರನ್ನು ತಿರುಗಿಸಬೇಕು, ಆಲ್ಟರ್ನೇಟರ್ ಕರೆಂಟು ಮಾಡಿ ಬ್ಯಾಟರಿಯ ಹೊಟ್ಟೆ ತುಂಬಿಸಬೇಕು. ಇಷ್ಟೇ ಅವರ ಸಂಸಾರ. ಮಾವನವರ ಕಾರಿನಲ್ಲಿ ಬ್ಯಾಟರಿ ಕೊಡುತ್ತಿತ್ತು, ಅದಕ್ಕೆ ತಿರುಗಿ ಯಾರೂ ಕೊಡುತ್ತಿರಲಿಲ್ಲ. ಮೆಣಸಿನಕಾಯಿ ಪೇಟೆಯಲ್ಲಿ ಒಬ್ಬೊಬ್ಬರದು ಒಂದೊಂದು ಔಷಧ. ಬೆಲ್ಟ್ ಸಡಿಲ ಎಂದರು, ಬಿಗಿ ಮಾಡಿದ್ದಾಯಿತು. ಬ್ಯಾಟರಿ ಮುದಿ ಎಂದರು, ಹೊಸದು ತಂದದ್ದಾಯಿತು. ಅದೂ ಕೆಲವೇ ದಿನಗಳಲ್ಲಿ ಹಳೆಯದರ ಹಾಗೆ ನರಳತೊಡಗಿತು. ಮೆಣಸಿನಕಾಯಿ ಘಾಟು ಒಳಗೆ ಹೊಕ್ಕಿದೆ ಎಂದು ಒಬ್ಬರು ಹೇಳಿದರು. ಸೀಟಿನ ಮೇಲೆ ಕೂತವರೆಲ್ಲ ಸೀನುತ್ತಿದ್ದುದರಿಂದ ಅದನ್ನೂ ಅರ್ಧ ನಂಬಿದೆವು. ನಾನಂತೂ ಬ್ಯಾಟರಿಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹಾವೇರಿಗೆ ಒಯ್ದು ಚಾರ್ಜ್ ಮಾಡಿಸಿ ತರುತ್ತಿದ್ದೆ. ಅದರ ಆ್ಯಸಿಡ್ಡಿನ ಕೃಪೆಯಿಂದ ನನ್ನ ಪ್ಯಾಂಟುಗಳೆಲ್ಲ ಜರಡಿಯಾದವು.

ಕೊನೆಗೆ ರಾಣೆಬೆನ್ನೂರಿನ ಬಾಷಾಸಾಹೇಬನಲ್ಲಿಗೆ ಹೋದೆವು. ಹೈವೇ ಮಗ್ಗುಲಿಗೆ ಗಾಡಿಗಳ ವೈರಿಂಗ್ ಅಂಗಡಿ ಇಟ್ಟಿದ್ದ ಅವನಿಗೆ ಕೆಲಸಕ್ಕಿಂತ ಮಾತು ಜೋರು. ಆಲ್ಟರ್ನೇಟರ್ ಬಿಚ್ಚಿ, ತನ್ನ ಮೇಜಿನ ಮೇಲೆ ಕೂಡಿಸಿ ಗಿರಗಿರ ತಿರುಗಿಸಿದ. ದೊಡ್ಡ ಬಲ್ಬು ಝಗ್ಗನೆ ಹತ್ತಿತು. "ನೋಡ್ರಿ ಸಾವಕಾರ್ರ, ಹೆಂಗ ಕರೆಂಟ್ ಕೊಡಾಕತ್ತೈತಿ! ಇದಕ್ಕೇನೂ ಧಾಡಿ ಇಲ್ಲ" ಎಂದ. ಕಾರಿಗೆ ಹಾಕಿದರೆ ಮತ್ತೆ ಮೌನ. ನಮ್ಮ ಶಾಲೆಯ ಕೆಲವು ಹುಡುಗರು ಹೀಗೆಯೇ. ಮನೆಯಲ್ಲಿ ಪದ್ಯ ಗಡಗಡ ಒಪ್ಪಿಸುತ್ತಾರೆ, ಇನ್‌ಸ್ಪೆಕ್ಟರ್ ಬಂದ ದಿನ ಬಾಯಿ ಬಿಡುವುದಿಲ್ಲ. ಬಾಷಾಸಾಹೇಬ ತಲೆ ಕೆರೆದುಕೊಂಡು, "ಮೀಟರದಾಗ ಚಾರ್ಜಿಂಗಿನ ಕೆಂಪು ದೀಪ ಹತ್ತತೈತೇನ್ರಿ?" ಎಂದು ಕೇಳಿದ.

"ಹತ್ತೂದ ಇಲ್ಲ!" ಎಂದು ಮಾವನವರು ಹೆಮ್ಮೆಯಿಂದ ಹೇಳಿದರು. ಕೆಂಪು ದೀಪವೆಂದರೆ ಅಪಾಯ, ದೀಪ ಹತ್ತದಿದ್ದರೆ ಅಪಾಯವಿಲ್ಲ. ಎಲ್ಲರಿಗೂ ಸಮಾಧಾನವಾಯಿತು. ಅಷ್ಟರಲ್ಲಿ ಲಾರಿಯವನೊಬ್ಬ ಹಾರ್ನ್ ಹೊಡೆದ, ಬಾಷಾಸಾಹೇಬ ಆ ಕಡೆ ಹೋದ.

ಪೆಟ್ಟು ಬಿದ್ದದ್ದು ಅದಾದ ಮೇಲೆ, ಅದೇ ರಾಣೆಬೆನ್ನೂರಿನಲ್ಲಿ. ನನ್ನ ನಾದಿನಿಯ ಮದುವೆಯ ಮಾತು ಮುಗಿಸಿ ಹೊರಬಿದ್ದಿದ್ದೆವು. ಹೊಸ ಬೀಗರು ಇಡೀ ಮನೆ ಸಮೇತ ಬೀಳ್ಕೊಡಲು ಬಾಗಿಲಿಗೆ ಬಂದಿದ್ದರು. ಕಾರು ಒಮ್ಮೆ ಕೆಮ್ಮಿ ಸುಮ್ಮನಾಯಿತು. ರಸ್ತೆ ಸಪಾಟ, ನಾನೊಬ್ಬನೇ ಸಾಲಲಿಲ್ಲ. ಅತ್ತೆಯವರು ಇಳಿದರು, ಹೊಸ ಇಳಕಲ್ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ನನ್ನ ಪಕ್ಕ ನಿಂತು ದೂಡಿದರು. ನೋಡಲಾರದೆ ಬೀಗರೂ ಕೈ ಹಚ್ಚಿದರು, ಬೀಗಿತಿಯೂ ಹಚ್ಚಿದರು. ಸಂಬಂಧ ಬೆಳೆದದ್ದು ಹಾಗೆ. ಅತ್ತೆಯವರು ಬ್ಯಾಡಗಿಯ ಮನೆ ಮುಂದೆ ಇಳಿದು, "ಇನ್ನ ಈ ಕಾರು ಈ ಬಾಗಿಲಾಗ ಕಾಣಬಾರದು. ಇಲ್ಲಾ ಅದು ಇರಬೇಕು, ಇಲ್ಲಾ ನಾ ಇರಬೇಕು" ಎಂದು ಒಳಗೆ ಹೋದರು.

ಮಾವನವರು ಗುತ್ತಲದ ಒಬ್ಬ ಗಿರಾಕಿಗೆ ಹೇಳಿ ಕಳಿಸಿದರು. ಅವನು ಭಾನುವಾರ ಸಂಜೆ ಬಂದು ನೋಡುತ್ತೇನೆಂದ. ಅಂದಿನಿಂದ ಅವರು ಊಟ ಅರ್ಧಕ್ಕೇ ಬಿಟ್ಟು ಏಳತೊಡಗಿದರು. ಬೆಳಿಗ್ಗೆ ಎದ್ದು, ಸಂತೆಗೆ ಹೊಡೆಯುವ ಎತ್ತಿನ ಮೈ ತೊಳೆಯುವಂತೆ ಕಾರನ್ನು ಒರೆಸುವರು. ನನಗೆ ಅವರನ್ನು ನೋಡಿ ಬಹಳ ಕೆಡುಕೆನಿಸಿತು. ಅಲ್ಲಿಯವರೆಗೆ ಆ ಕಾರು ಯಾವಾಗ ಹೋದೀತೋ ಎಂದು ಕಾಯುತ್ತಿದ್ದವನು ನಾನೇ.

ಭಾನುವಾರ ಬೆಳಿಗ್ಗೆ ಕೊನೆಯ ಸಲ ಕದರಮಂಡಲಗಿ ಹನುಮಪ್ಪನ ಗುಡಿಗೆ ಹೋಗಿ ಬರೋಣವೆಂದರು. ಎಲ್ಲರೂ ದೂಡಿದೆವು. ನಾನೂ ನನ್ನ ಹೆಂಡತಿಯೂ ಓಡಿ ಹಿಂದಿನ ಸೀಟಿಗೆ ಹಾರಿದ್ದರಿಂದ, ಯಾವಾಗಲೂ ಹಿಂದೆ ಕೂರುವ ಅತ್ತೆಯವರಿಗೆ ಮುಂದಿನ ಸೀಟು ಸಿಕ್ಕಿತು. ಎದುರಿಗೆ ಡ್ಯಾಶ್‌ಬೋರ್ಡಿನ ಮೇಲೆ ಹನುಮಪ್ಪನ ಫೋಟೋ, ಅದರ ಚೌಕಟ್ಟಿನೊಳಗೆ ಪುಟ್ಟ ಕೆಂಪು ದೀಪ. ಅತ್ತೆಯವರು ಆ ದೀಪವನ್ನೇ ನೋಡಿದರು. ಆಮೇಲೆ ಬಗ್ಗಿ ಮೀಟರಿನ ಕಡೆ ನೋಡಿದರು.

"ಗಾಡಿ ಪೂಜಿ ದಿನ ನಾ ಮುಂದ ಕೂತಾಗ ಇಲ್ಲೆ ಒಂದು ಕೆಂಪು ದೀಪ ಇತ್ತಲ್ಲ? ಕೀಲಿ ತಿರುವಿದ ಕೂಡಲೆ ಹತ್ತತಿತ್ತು, ಗಾಡಿ ಚಾಲೂ ಆತಂದ್ರ ಆರತಿತ್ತು. ಅದು ಆರೂತನಕ ನನ್ನ ಎದಿ ಡವಡವ ಅಂತಿತ್ತು. ಎಲ್ಲಿ ಹೋತು?"

"ಅದು ಸುಮ್ನ ಅಪಶಕುನದಂಗ ಕಣ್ಣು ಬಿಡತಿತ್ತು. ತಗದು ಹನುಮಪ್ಪಗ ಹಚ್ಚೇನಿ."

"ಯಾವಾಗ?"

"ಪೂಜಿ ಮಾಡಿಸಿದ ಮರುದಿನ."

"ನಾವು ಇದನ್ನ ದೂಡಾಕ ಹತ್ತಿದ್ದು ಯಾವಾಗಿಂದ?"

ಮಾವನವರು ಹನುಮಪ್ಪನಿಗೆ ರಸ್ತೆಯಿಂದಲೇ ಕೈ ಮುಗಿದು ಕಾರನ್ನು ನೇರ ರಾಣೆಬೆನ್ನೂರಿಗೆ ಬಿಟ್ಟರು.

ಬಾಷಾಸಾಹೇಬ ಕಥೆ ಕೇಳಿ ಹಣೆ ಹಣೆ ಬಡಿದುಕೊಂಡ. "ಆ ದೀಪದಾಗ ಹಾದು ಹೋಗೂ ಕರೆಂಟ ಮೊದಲ ಆಲ್ಟರ್ನೇಟರನ್ನ ಎಬ್ಬಸತೈತ್ರಿ ಅಮ್ಮಾರ! ಎದ್ದ ಮ್ಯಾಲೆ ಅದು ತನ್ನ ಕರೆಂಟ ತಾ ಮಾಡಕೋತೈತಿ, ದೀಪ ಆರತೈತಿ. ದೀಪಾನ ಇಲ್ಲಂದ್ರ ಎಬ್ಬಸವರು ಯಾರು? ಸಾವಕಾರ್ರು ಹತ್ತೂದಿಲ್ಲ ಅಂದ್ರು, ನಾನೂ ಶಾಣ್ಯಾರಂಗ ಹೂಂ ಅಂದೆ!" ಎಂದ. ಅವನ ಮೇಜಿನ ಮೇಲೆ ಅದನ್ನು ಎಬ್ಬಿಸಲು ಬೇರೆ ವೈರು ಇತ್ತಂತೆ. ಹನುಮಪ್ಪನ ದೀಪವನ್ನು ಹನುಮಪ್ಪನಿಗೇ ಬಿಟ್ಟು, ಪುಟಾಣಿ ಕಾಳಿನಷ್ಟು ಹೊಸ ಬಲ್ಬನ್ನು ಮೀಟರಿನೊಳಗೆ ಕೂಡಿಸಿ, ಬ್ಯಾಟರಿಗೂ ಒಂದಿಷ್ಟು ಚಾರ್ಜ್ ತುಂಬಿಕೊಟ್ಟ. ಕೀಲಿ ತಿರುವಿದಾಗ ಕೆಂಪು ದೀಪ ಹತ್ತಿತು. ಎಂಜಿನ್ ಎದ್ದಿತು. ದೀಪ ಆರಿತು. ಅಪಶಕುನವೆಂದು ಕಿತ್ತುಹಾಕಿದ ಆ ಕಣ್ಣಿಗೆ ಮಾವನವರು ಎಲ್ಲರೆದುರಿಗೇ ಕೈ ಮುಗಿದರು.

ಸಂಜೆ ಗುತ್ತಲದವನು ಬಂದ. ಕಾರಿನ ಸುತ್ತ ತಿರುಗಿ, "ಚಾಲೂ ಮಾಡ್ರಿ ನೋಡೂಣು" ಎಂದ. ಒಂದೇ ಸಲಕ್ಕೆ ಎಂಜಿನ್ ಎದ್ದಿತು. ಅವನ ಮುಖ ಅರಳಿತು, ಮಾವನವರ ಮುಖ ಬಾಡಿತು, ಮಾತು ಕೊಟ್ಟಾಗಿತ್ತು. ಅಷ್ಟರಲ್ಲಿ ಅತ್ತೆಯವರು ಹೊರಗೆ ಬಂದರು. "ಚಾ ಕುಡೀರಿ. ಕಾರು ಕೊಡೂದಿಲ್ಲ."

"ನೀವ ಬ್ಯಾಡ ಅಂದಿದ್ರಂತಲ್ರಿ ಅಮ್ಮಾರ?"

"ಅಂದಿದ್ದೆ. ನಾ ಬ್ಯಾಡ ಅಂದಿದ್ದಕ್ಕ ಅಲ್ಲೇನು ಅದು ರಿಪೇರಿ ಆಗಿದ್ದು?"

ಗುತ್ತಲದವನು ನಕ್ಕು, ಚಹಾ ಕುಡಿದು, ಬಸ್ಸು ಹಿಡಿದ. ಬ್ಯಾಡಗಿ ಮೆಣಸಿನಕಾಯಿ ಗೊತ್ತಲ್ಲ, ಬಣ್ಣ ನೋಡಿ ಹೆದರಬೇಕು, ಬಾಯಿಗಿಟ್ಟರೆ ಅಷ್ಟೇನೂ ಖಾರವಿಲ್ಲ. ಅತ್ತೆಯವರ ಸಿಟ್ಟೂ ಅದೇ ನೆಲದ್ದು. ಮನೆಯಲ್ಲಿ ಯಾರಾದರೂ ಕೆಂಪಗಾಗಿ 'ಇದು ಸರಿಯಿಲ್ಲ' ಎಂದರೆ ಅವರ ಬಾಯಿ ಮುಚ್ಚಿಸುವ ಆಸೆ ನನಗೆ ಇಂದಿಗೂ ಆಗುತ್ತದೆ. ಆದರೆ ಕೈ ಹಚ್ಚುವುದಿಲ್ಲ. ಹಾಗೆ ಬಿಚ್ಚಿಟ್ಟ ಒಂದು ದೀಪಕ್ಕಾಗಿ ನಾನು ಎಷ್ಟು ದೂಡಿದ್ದೇನೆಂದು ನನ್ನ ಸೊಂಟಕ್ಕೆ ನೆನಪಿದೆ.

ಮುಂದಿನ ರಜೆಗೆ ಬ್ಯಾಡಗಿಗೆ ಹೋದಾಗ ಮತ್ತೆ ಹೋಳಿಗೆ ಆಯಿತು, ತುಪ್ಪ ಆಯಿತು. ಎಲ್ಲರೂ ಕಾರು ಹತ್ತಿದರು. ನಾನು ಅಂಗಿಯ ತೋಳು ಮಡಚಿ, ಅಭ್ಯಾಸದಂತೆ ಹಿಂದೆ ಹೋಗಿ ಡಿಕ್ಕಿಗೆ ಅಂಗೈ ಊರಿದೆ. ಕಾರು ತಾನಾಗಿ ಹೊರಟುಹೋಯಿತು. ನಾನು ಗಾಳಿಯನ್ನು ದೂಡುತ್ತ ಬೀದಿಯ ನಡುವೆ ಒಬ್ಬನೇ ನಿಂತೆ. ಕಟ್ಟೆಯ ಮೇಲಿನವರು ನಕ್ಕರು, ನಾನೂ ನಕ್ಕು ಓಡಲು ಅಣಿಯಾದೆ.

ಅಷ್ಟರಲ್ಲಿ ಕಾರು ಮೂಲೆಯಲ್ಲಿ ನಿಂತಿತು. ಎಂಜಿನ್ ಸದ್ದೂ ನಿಂತಿತು. ಬೀಗರ ಬಾಗಿಲಲ್ಲೂ ಎಂಜಿನ್ ಆರಿಸದಿದ್ದ ಮಾವನವರು ನನಗೋಸ್ಕರ ಅದನ್ನು ಆರಿಸಿ ಕಾಯುತ್ತಿದ್ದರು. ನಾನು ಓಡಲಿಲ್ಲ. ಮಡಚಿದ ತೋಳು ಬಿಡಿಸಿಕೊಂಡು, ನಿಧಾನವಾಗಿ ನಡೆದು ಹೋಗಿ, ಬಾಗಿಲು ತೆಗೆದು, ಮೊದಲ ಸಲ ಅಳಿಯನ ಹಾಗೆ ಕುಳಿತೆ.