ಭಾವ ಹುಡುಕಿಕೊಟ್ಟ ಉತ್ತರಗಳು

ನನ್ನಕ್ಕ ಹಗಲೆಲ್ಲ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಹೊಲಿಯುತ್ತಲೇ ಮನಸ್ಸಿನಲ್ಲಿ ಜನರನ್ನು ಕೊಲ್ಲುತ್ತಿದ್ದಳು. ವಾರಪತ್ರಿಕೆಯೊಂದರಲ್ಲಿ ಅವಳ ಪತ್ತೇದಾರಿ ಧಾರಾವಾಹಿಗಳು ಬರುತ್ತಿದ್ದವು. ನೊಣ ಹೊಡೆಯಲೂ ಕೈ ಬಾರದ ಹೆಂಗಸು, ಕಾಗದದ ಮೇಲೆ ಮಾತ್ರ ಯಾರನ್ನೂ ಉಳಿಸಿದವಳಲ್ಲ. ಅವಳು ಹೋಗಿ ವರ್ಷವಾಗುತ್ತ ಬಂತು. ಅವಳ ಕಾಯಿಲೆ ತನಗೇಕೆ ಗೊತ್ತಾಗಲಿಲ್ಲ ಎಂಬ ಪ್ರಶ್ನೆ ಭಾವನನ್ನು ಇವತ್ತಿಗೂ ತಿನ್ನುತ್ತಿದೆ.

ಭಾವನದು ಬೀಗ ರಿಪೇರಿ, ನಕಲಿ ಕೀ ಮಾಡುವ ಕೆಲಸ. ಮನೆಯ ಮುಂದಿನ ಕೋಣೆಯಲ್ಲಿ ಒಂದು ಪಕ್ಕ ಅಕ್ಕನ ಮಿಷನ್ನು, ಇನ್ನೊಂದು ಪಕ್ಕ ಭಾವನ ಅರಗಳು, ಕೀಗೊಂಚಲುಗಳು. ಅಕ್ಕನ ಎರಡೂ ಕೈ ಬಟ್ಟೆಯ ಮೇಲಿರುತ್ತಿದ್ದುದರಿಂದ ಫೋನಿನಲ್ಲಿ ಹುಡುಕುವ ಉಸ್ತುವಾರಿ ಭಾವನದು. ಅವಳು ಕೇಳುತ್ತಿದ್ದಳು. ಅವರು ಟೈಪ್ ಮಾಡಿ, ಬಂದದ್ದನ್ನು ಗಟ್ಟಿಯಾಗಿ ಓದುತ್ತಿದ್ದರು.

“ರೀ, ಹೆಣ ನೀರಲ್ಲಿ ಯಾವಾಗ ಮೇಲೆ ಬರುತ್ತೆ ನೋಡಿ.”

“ಚಳಿಗಾಲಾನಾ, ಬೇಸಿಗೇನಾ?”

“ಬೇಸಿಗೆ. ಮೈಕೈ ತುಂಬ್ಕೊಂಡಿರೋ ಗಂಡಸು.”

ಮಗನ ಚಡ್ಡಿ ಹೊಲಿಸಲು ಬಂದಿದ್ದ ತಾಯಿಯೊಬ್ಬಳು ಇದನ್ನು ಕೇಳಿ, ಕೊಟ್ಟ ಬಟ್ಟೆ ವಾಪಸ್ ಇಸಿದುಕೊಂಡು ಹೋಗಿಬಿಟ್ಟಳು.

“ಹೆಂಡ್ತಿ ವಿಷ ಹುಡುಕ್ತಾಳೆ, ಗಂಡ ಬೀಗ ತೆಗೀತಾನೆ. ಪೊಲೀಸರು ಬಂದ್ರೆ ನೀವ್ಯಾರೋ ಗೊತ್ತೇ ಇಲ್ಲ ಅಂತೀನಿ” ಎಂದು ನಾನು ರೇಗಿಸುತ್ತಿದ್ದೆ. ಭಾವನಿಗೆ ನಿಜಕ್ಕೂ ಅಳುಕಿತ್ತು. ಯಾರಾದರೂ ಕಣ್ಣಿಟ್ಟಿದ್ದರೆ ತಿಳಿಯಲಿ ಎಂದು ಪ್ರತಿ ಪ್ರಶ್ನೆಯ ಕೊನೆಗೂ ‘ಕಥೆಗೋಸ್ಕರ’ ಎಂದು ಸೇರಿಸುತ್ತಿದ್ದರು. ಅಂಥ ಪುಣ್ಯಾತ್ಮ.

ಹೋದ ವರ್ಷ ಅಕ್ಕನ ಪ್ರಶ್ನೆಗಳ ದಿಕ್ಕೇ ಬದಲಾಯಿತು. ಹೊಸ ಧಾರಾವಾಹಿಯಲ್ಲಿ ಒಬ್ಬ ಟೀಚರಮ್ಮ ಬರುತ್ತಾಳೆ, ಅವಳ ಹೊಟ್ಟೆಯಲ್ಲಿ ಗಡ್ಡೆ, ಎಂದಳು. ಗಡ್ಡೆ ಲಿವರಿಗೂ ಹಬ್ಬಿದ್ದರೆ ಆಪರೇಷನ್ ಮಾಡುತ್ತಾರಾ? ಮಾಡುವುದಿಲ್ಲ ಎಂದು ಭಾವ ಓದಿದರು. ನೋವು ಎಲ್ಲಿಂದ ಎಲ್ಲಿಗೆ ಹೋಗುತ್ತೆ? ಊಟ ಯಾವಾಗ ಸೇರದಂತಾಗುತ್ತೆ? ಕೊನೆಗಾಲದಲ್ಲಿ ಮನೆಯವರ ಗುರುತು ಸಿಗುತ್ತಾ? ಭಾವ ಕೀ ಉಜ್ಜುತ್ತ, ನಡುನಡುವೆ ಚಹಾ ಕುಡಿಯುತ್ತ ಎಲ್ಲವನ್ನೂ ಓದಿ ಹೇಳಿದರು.

ಅಕ್ಕ ಸಣ್ಣಗಾಗಿದ್ದಳು. ಕೇಳಿದರೆ, ಶಾಲೆ ಶುರುವಾಗುವ ಸಮಯ, ಕೆಲಸ ಜಾಸ್ತಿ ಎನ್ನುತ್ತಿದ್ದಳು. ದಾರ ತರುವ ನೆಪದಲ್ಲಿ ಒಬ್ಬಳೇ ಆಸ್ಪತ್ರೆಗೆ ಹೋಗಿಬರುತ್ತಿದ್ದುದನ್ನು ಒಡಹುಟ್ಟಿದ ನನಗೂ ಹೇಳಲಿಲ್ಲ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಒಂದು ದಿನ ಮಿಷನ್ನಿನ ಮೇಲೇ ಕುಸಿದಳು. ನಾನೂ ಭಾವನೂ ಆಟೋದಲ್ಲಿ ಹಾಕಿಕೊಂಡು ಓಡಿದೆವು. ಡಾಕ್ಟರು ಭಾವನನ್ನು ಎದುರಿಗೆ ಕೂರಿಸಿಕೊಂಡು, “ಲಿವರಿಗೆ ಹಬ್ಬಿದೆ, ಆಪರೇಷನ್ ಆಗಲ್ಲ ಅಂತ ಅವರಿಗೆ ಆಗ್ಲೇ ಹೇಳಿದ್ವಲ್ಲ” ಎಂದರು. ಭಾವ ಪಾಠ ಒಪ್ಪಿಸುವವರಂತೆ ಕೇಳಿದರು.

“ಇನ್ಮೇಲೆ ಕಣ್ಣು ಹಳದಿಯಾಗುತ್ತೆ. ನೋವು ಬೆನ್ನಿಗೆ ಹೋಗುತ್ತೆ. ಅಲ್ವಾ?”

“ಯಾರು ಹೇಳಿದ್ರು ನಿಮ್ಗೆ?”

“ಯಾರೂ ಹೇಳ್ಲಿಲ್ಲ ಡಾಕ್ಟ್ರೆ. ನಾನೇ ಅವಳಿಗೆ ಓದಿ ಹೇಳ್ದೆ.”

ವಾರ್ಡಿನಲ್ಲಿ ಅಕ್ಕನ ಮಂಚದ ಪಕ್ಕ ನಿಂತು ನಾನು ಜಗಳವನ್ನೇ ತೆಗೆದೆ. ಯಾಕೆ ಹೀಗೆ ಮಾಡಿದೆ, ನಾವೇನು ಸತ್ತು ಹೋಗಿದ್ವಾ ಎಂದೆ. ಎಂಥ ಮಾತು ಆಡಿದೆನೋ.

“ನಿಜ ತಿಳ್ಕೋಬೇಕಿತ್ತು ಕಣೆ” ಎಂದಳು ಅಕ್ಕ. “ಒಬ್ಬಳೇ ಓದೋಕೆ ಧೈರ್ಯ ಬರ್ಲಿಲ್ಲ. ನಿನ್ನ ಭಾವ ಓದಿದ್ರೆ ಎಂಥದ್ದೂ ಅಷ್ಟು ಭಯ ಅನ್ಸಲ್ಲ. ಅದು ನಂದೇ ಅಂತ ಗೊತ್ತಾಗಿದ್ರೆ ಅವರ ಬಾಯಿಂದ ಒಂದಕ್ಷರಾನೂ ಹೊರಡ್ತಿರ್ಲಿಲ್ಲ.”

ಅವಳು ಹೆಚ್ಚು ದಿನ ಉಳಿಯಲಿಲ್ಲ. ಧಾರಾವಾಹಿ ಅರ್ಧಕ್ಕೇ ನಿಂತಿತು. ಟೀಚರಮ್ಮ ಏನಾದಳು ಎಂದು ಓದುಗರು ಕೆಲವು ದಿನ ಪತ್ರಿಕೆಗೆ ಫೋನ್ ಮಾಡಿದರಂತೆ, ಆಮೇಲೆ ಮರೆತರು.

ಮೊನ್ನೆ ಹೋದಾಗ ಭಾವ ಯಾರದೋ ಕಪಾಟಿನ ಬೀಗ ಬಿಚ್ಚಿಕೊಂಡು ಸುಮ್ಮನೆ ಕೂತಿದ್ದರು.

“ನಿಮ್ಮ ತಪ್ಪೇನಿದೆ ಭಾವ? ಅವಳೇ ಮುಚ್ಚಿಟ್ಟಳು” ಎಂದು ಎಷ್ಟನೆಯ ಸಲವೋ ಹೇಳಿದೆ.

“ಅದಲ್ಲ. ಎಲ್ಲ ಓದಿ ಮುಗಿಸಿ ನಾನು ಏನಂದೆ ಗೊತ್ತಾ? ‘ಆ ಟೀಚರಮ್ಮನ್ನ ಯಾಕಿಷ್ಟು ಎಳೀತೀಯ, ಓದೋರಿಗೆ ಬೇಜಾರಾಗುತ್ತೆ, ಮುಂದಿನ ವಾರಾನೇ ಸಾಯಿಸಿಬಿಡು’ ಅಂದೆ.”

“ಅಕ್ಕ ಏನಂದ್ಳು?”

“ನಕ್ಕಳು. ‘ಇಲ್ಲಾರೀ, ಪಾಪ, ಇನ್ನೂ ಸ್ವಲ್ಪ ದಿನ ಇಟ್ಕೊಳ್ಳೋಣ’ ಅಂದ್ಳು.”